ಕಿವಿಗೆ ಬಿದ್ದ ಬಡಿತ

1929ರ ಆರ್ಥಿಕ ಮಹಾಕುಸಿತದ ಪಾಠವನ್ನು ನಾವು ಶಿಕ್ಷಕರು ಬೇಗ ಮುಗಿಸಿಬಿಡುತ್ತೇವೆ. ಶೇರುಪೇಟೆ ಬಿತ್ತು, ಬ್ಯಾಂಕುಗಳು ಮುಚ್ಚಿದವು, ಜನ ಬೀದಿಗೆ ಬಂದರು. ಬೀದಿಗೆ ಬಂದವರು ಆಮೇಲೆ ಎಲ್ಲಿಗೆ ಹೋದರು ಎಂದು ಯಾರಾದರೂ ಹುಡುಗಿ ಕೇಳಿದರೆ, ನಾನು ಒಂದು ಹಳೇ ಕಾರಿನ ವಿಷಯ ಹೇಳುತ್ತೇನೆ.

ಅಮೆರಿಕದ ಓಕ್ಲಹೋಮ ಮತ್ತು ಅದರ ಸುತ್ತಿನ ಸೀಮೆಯಲ್ಲಿ 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದ ನೆಲ ಧೂಳಾಗಿ ಮೇಲೆದ್ದಿತು. 1935ರ ಏಪ್ರಿಲ್ 14ರಂದು ಹಟ್ಟಹಗಲೇ ಕತ್ತಲಾಯಿತು. ಬರ, ಸಾಲಗಳಿಂದ ಹೊಲ ಬಿಟ್ಟ ಕುಟುಂಬಗಳು 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯದತ್ತ ಹೊರಟವು. ಸವೆದ ಕಾರು, ಮಿತಿಮೀರಿದ ಹೊರೆ, ಏರು ದಾರಿ. ಆ ವಲಸಿಗರ ಬಿಡಾರಗಳನ್ನು ಕಂಡು ಬರೆದ ಜಾನ್ ಸ್ಟೈನ್‌ಬೆಕ್ಕರ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿ 1939ರಲ್ಲಿ ಬಂತು. ಅದರಲ್ಲಿ ಜೋಡ್ ಕುಟುಂಬದ ಮಗ ಆಲ್, ಜೊತೆ ಪಯಣಿಗರ 1925ರ ಡಾಜ್ ಕಾರನ್ನು ಓಡಿಸುತ್ತಿರುವಾಗ ಎಂಜಿನ್ನಿನೊಳಗೆ ಒಂದು ಬಡಿತ ಕೇಳಿಸುತ್ತದೆ. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ.

ಈ ಬೇರಿಂಗ್ ಎಂದರೇನು? ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಕ್ರ್ಯಾಂಕಿಗೆ ಮುಟ್ಟಿಸುವುದು ಕನೆಕ್ಟಿಂಗ್ ರಾಡು. ಅದು ಕ್ರ್ಯಾಂಕನ್ನು ಹಿಡಿಯುವ ಕಡೆ, ಆ ಕಾಲದ ಕಾರುಗಳಲ್ಲಿ, ಮೆತ್ತನೆಯ ಬಿಳಿ ಲೋಹದ ಪದರ ಎರೆದಿರುತ್ತಿತ್ತು. 1839ರಲ್ಲಿ ಐಸಾಕ್ ಬ್ಯಾಬಿಟ್ ಕಂಡುಹಿಡಿದ ಮಿಶ್ರಲೋಹವದು: ಬಹುಪಾಲು ತವರ, ಜೊತೆಗೆ ಆಂಟಿಮನಿ, ತಾಮ್ರ. ಮೆತ್ತಗಿರುವುದೇ ಅದರ ಗುಣ. ಸಣ್ಣ ಕಸ ಬಂದರೆ ತನ್ನೊಳಗೆ ಹುದುಗಿಸಿಕೊಂಡು ಉಕ್ಕಿನ ಕ್ರ್ಯಾಂಕನ್ನು ಕಾಯುತ್ತದೆ. ಆದರೆ ಎಣ್ಣೆ ತಪ್ಪಿದರೆ ಕಾದು, 240 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಅಲ್ಲಿ ಸಂದು ಬೀಳುತ್ತದೆ, ರಾಡು ಬಡಿಯುತ್ತದೆ.

ಯಾವ ಬೇರಿಂಗ್ ಹೋಗಿದೆ ಎಂದು ತಿಳಿಯಲು ಕಿವಿಯೇ ಸಾಧನ. ಕ್ರ್ಯಾಂಕನ್ನು ಹೊರುವ ಮುಖ್ಯ ಬೇರಿಂಗ್ ಸವೆದರೆ ಭಾರ ಎಳೆಯುವಾಗ ದಪ್ಪ ದನಿಯ ಗುದ್ದು. ರಾಡಿನ ಬೇರಿಂಗಾದರೆ ದನಿ ಹೆಚ್ಚು ಚುರುಕು, ವೇಗ ಕೊಟ್ಟು ಕಾಲು ಸಡಿಲಿಸಿದಾಗ ಸ್ಪಷ್ಟ. ಆಮೇಲೆ ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಪ್ಲಗ್ಗಿನ ತುದಿಯನ್ನು ಎಂಜಿನ್ನಿನ ಮೈಗೆ ಮುಟ್ಟಿಸಿ, ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಬೇಕು. ಯಾವುದನ್ನು ನಿಲ್ಲಿಸಿದಾಗ ಬಡಿತ ಅಡಗುತ್ತದೋ ರೋಗ ಅಲ್ಲಿದೆ. ಎಣ್ಣೆ ಇಳಿಸಿದರೆ ಬೆಳ್ಳಿಯಂತೆ ಹೊಳೆಯುವ ಚೂರುಗಳು ಸಾಕ್ಷಿ ನುಡಿಯುತ್ತವೆ.

ಇದೆಲ್ಲ ನನಗೆ ಹೊಸದಾಗಿ ತೋರಲಿಲ್ಲ. ಬಸ್ ಚಾಲಕರಾಗಿದ್ದ ನಮ್ಮ ತಂದೆ ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದ ಕಾರಣ ಒಂದೊಂದೇ ಪೈಪಿನ ನಟ್ಟು ಸಡಿಲಿಸಿ ಹೀಗೆಯೇ ಕೇಳುತ್ತಿದ್ದರು. ಶಾಲೆ ಕಂಡದ್ದು ನಾಲ್ಕನೇ ತರಗತಿವರೆಗೆ. ಆ ವಿದ್ಯೆಯನ್ನು ನಾವು ಯಾರೂ ವಿದ್ಯೆ ಎಂದು ಕರೆಯಲಿಲ್ಲ.

ಕಾದಂಬರಿಯಲ್ಲಿ ಕಾರು ನಿಂತ ಕೂಡಲೇ, ಮಿಕ್ಕವರು ಟ್ರಕ್ಕಿನಲ್ಲಿ ಮುಂದೆ ಹೋಗಲಿ, ತಾನು ರಿಪೇರಿಗೆ ಉಳಿಯುತ್ತೇನೆ ಎನ್ನುತ್ತಾನೆ ಟಾಮ್. ಗಂಡಸರೆಲ್ಲ ಒಪ್ಪುತ್ತಾರೆ. ತಾಯಿ ಮಾತ್ರ ಜಾಕಿನ ಹಿಡಿಯನ್ನು ಕೈಗೆತ್ತಿಕೊಂಡು ತಾನು ಹೋಗುವುದಿಲ್ಲ ಎಂದು ನಿಲ್ಲುತ್ತಾಳೆ. ನೆಲ ಹೋಯಿತು, ಮನೆ ಹೋಯಿತು, ಉಳಿದಿರುವುದು ಒಟ್ಟಿಗಿರುವ ಸಂಸಾರವೊಂದೇ. ಕೊನೆಗೆ ಯಾರೂ ಮುಂದೆ ಹೋಗದೆ ಹತ್ತಿರದಲ್ಲೇ ತಂಗುತ್ತಾರೆ. ಮಕ್ಕಳಿಬ್ಬರು ಗುಜರಿಯಿಂದ ಹಳೇ ರಾಡು ತಂದು ಕೂರಿಸುತ್ತಾರೆ.

ಕುಸಿತದ ಲೆಕ್ಕವನ್ನು ಚರಿತ್ರೆಕಾರರು ಡಾಲರುಗಳಲ್ಲಿ ಬರೆದಿದ್ದಾರೆ. ಬಡವರ ಮಟ್ಟಿಗೆ ಅದು ಬೆರಳಗಲದ ತವರದ ಪದರಕ್ಕೂ ಬಂದು ನಿಂತಿತ್ತು. ಅದು ಕರಗಿದ ಸದ್ದನ್ನು ಮಗ ಗುರುತಿಸಿದ, ಅದರಿಂದ ಸಂಸಾರ ಒಡೆಯದಂತೆ ತಾಯಿ ತಡೆದಳು.