ಗಾಳಿಕೋವಿ: ರಿಪೇರಿಯಿಂದ ಬೆಳೆದ ಯಂತ್ರ

ಊರ ಜಾತ್ರೆಯಲ್ಲಾಗಲಿ, ಮುಂಬಯಿಯ ಜುಹು ಇಲ್ಲವೆ ಚೆನ್ನೈಯ ಮರೀನಾ ಮರಳದಂಡೆಯಲ್ಲಾಗಲಿ, ಹಲಗೆಗೆ ಸಾಲಾಗಿ ಕಟ್ಟಿದ ಬಲೂನುಗಳಿಗೆ ಗುರಿಯಿಡುವ ಕೋವಿಯನ್ನು ಕಾಣದ ಕನ್ನಡಿಗರು ವಿರಳ. ನಳಿಗೆಯನ್ನು ಬಗ್ಗಿಸಿ, ಸೀಸದ ಪುಟ್ಟ ಗುಂಡನ್ನಿಟ್ಟು, ನೆಟ್ಟಗೆ ಮಾಡಿ ಟ್ರಿಗರ್ ಒತ್ತಿದರಾಯಿತು. ಮದ್ದಿಲ್ಲ, ಕಿಡಿಯಿಲ್ಲ. ಆಟಿಕೆಯಂತೆ ಕಾಣುವ ಈ ಯಂತ್ರಕ್ಕೆ ಒಂದೂವರೆ ಶತಮಾನದ ಚರಿತ್ರೆಯುಂಟು. ಅದರಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಇದರ ಮುಖ್ಯ ಸುಧಾರಣೆಗಳೆಲ್ಲ ಇದರದೇ ಒಂದೊಂದು ಕಾಯಿಲೆಗೆ ಹುಡುಕಿದ ಚಿಕಿತ್ಸೆಗಳು.

ಒಳಗಿನ ರಚನೆ ಸರಳ. ಸೀಮೆಎಣ್ಣೆಯ ಪಂಪ್ ಸ್ಟೌ ಬಳಸಿದ ಮನೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸ್ಟೌವಿನ ಪಂಪಿನಲ್ಲಿರುವಂತೆ ಇಲ್ಲಿಯೂ ಒಂದು ಕೊಳವೆ, ಅದರೊಳಗೆ ಓಡಾಡುವ ಪಿಸ್ಟನ್, ಅದರ ತುದಿಗೆ ಬಟ್ಟಲಿನಾಕಾರದ ಚರ್ಮದ ವಾಷರ್. ವ್ಯತ್ಯಾಸವಿಷ್ಟೆ: ಇಲ್ಲಿ ಪಿಸ್ಟನನ್ನು ತಳ್ಳುವುದು ಕೈಯಲ್ಲ, ಉಕ್ಕಿನ ಸ್ಪ್ರಿಂಗು. ನಳಿಗೆ ಬಗ್ಗಿಸಿದಾಗ ಸ್ಪ್ರಿಂಗು ಕುಗ್ಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದೊಡನೆ ಅದು ಪಿಸ್ಟನನ್ನು ಮುಂದಕ್ಕೆಸೆಯುತ್ತದೆ. ಇಕ್ಕಟ್ಟಾದ ಗಾಳಿ ಸಣ್ಣ ರಂಧ್ರದಿಂದ ನುಗ್ಗಿ ಗುಂಡನ್ನು ದೂಡುತ್ತದೆ.

ಇದಕ್ಕೂ ಮೊದಲು ಗಾಳಿಕೋವಿಗಳಿರಲಿಲ್ಲವೆಂದಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬವನ ಕೋವಿಯನ್ನು ಬಳಕೆಗೆ ತಂದಿತು. ಅದರ ಹಿಂಭಾಗವೇ ಗಾಳಿಯ ಪಾತ್ರೆ. ಅದನ್ನು ತುಂಬಲು ಸಾವಿರಕ್ಕೂ ಮಿಕ್ಕಿ ಸಲ ಪಂಪು ಹೊಡೆಯಬೇಕಿತ್ತು. ದುರಸ್ತಿಗೆ ನುರಿತ ಕುಶಲಕರ್ಮಿಯೇ ಬೇಕಾಗಿದ್ದುದು ಅದು ಮೂಲೆಗುಂಪಾಗಲು ಒಂದು ಕಾರಣ. 1870ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾವಿಲೆಂಡ್ ಮತ್ತು ಗನ್ ಎಂಬ ಇಬ್ಬರ ಸ್ಪ್ರಿಂಗ್ ಕೋವಿಗಳು ಈ ತೊಡಕನ್ನು ಕಳೆದವು. ಗಾಳಿಯನ್ನು ಕೂಡಿಡುವುದೇ ಬೇಡ. ಬೇಕಾದಾಗ ಬೇಕಾದಷ್ಟು ಒತ್ತಿದರೆ ಸಾಕು!

ಆದರೆ ನಳಿಗೆ ಬಗ್ಗುವ ಕೀಲು ಸವೆದರೆ ಗುರಿ ತಪ್ಪುತ್ತಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ ನಳಿಗೆಯನ್ನು ಸ್ಥಿರವಾಗಿಟ್ಟು, ಸ್ಪ್ರಿಂಗು ಒತ್ತಲು ಕೆಳಗೊಂದು ಸನ್ನೆಯನ್ನು ಜೋಡಿಸಿದ. 1905ರಿಂದ ಇದನ್ನು ತಯಾರಿಸಿದ್ದು, ನಮ್ಮ ಹಿರಿಯರಿಗೆ ಸೈಕಲ್ಲಿನ ಹೆಸರಾಗಿ ಪರಿಚಿತವಾದ ಬಿ.ಎಸ್.ಎ. ಕಂಪನಿ. ಗುರಿ ಮುಟ್ಟಿದರೆ ಗಂಟೆ ಬಾರಿಸುವ ಪಂದ್ಯಗಳು ಅಲ್ಲಿನ ಕ್ಲಬ್ಬುಗಳಲ್ಲಿ ಬಹು ಜನಪ್ರಿಯವಾದವು.

ಮುಂದಿನ ಕಾಯಿಲೆ ವಾಷರಿನದು. ಚರ್ಮ ಒಣಗಿದರೆ ಗಾಳಿ ಸೋರುತ್ತದೆ, ಎಣ್ಣೆ ಹಾಕಿದರೆ ಕೋವಿ ಚುರುಕಾಗುತ್ತದೆ. ಏಕೆ? ಸೋರಿಕೆ ನಿಂತದ್ದೊಂದೇ ಕಾರಣವೇ? ಇಂಗ್ಲೆಂಡಿನ ಕಾರ್ಡ್ಯೂ ತಂದೆ–ಮಕ್ಕಳು ಗಾಳಿಯ ಬದಲು ಸಾರಜನಕದಲ್ಲಿ ಕೋವಿ ಹಾರಿಸಿ ನೋಡಿದರು; ಗುಂಡಿನ ವೇಗ ಗಮನಾರ್ಹವಾಗಿ ಕುಗ್ಗಿತು. ಸಾರಜನಕದಲ್ಲಿ ಜಿಡ್ಡು ಉರಿಯದು. ಎಂದ ಮೇಲೆ, ಮಾಮೂಲು ಕೋವಿಯಲ್ಲಿ ಒತ್ತಡದಿಂದ ಕಾದ ಗಾಳಿ ಡೀಸೆಲ್ ಎಂಜಿನ್ನಿನಂತೆ ಜಿಡ್ಡಿನ ಅಂಶವನ್ನು ಉರಿಸುತ್ತಿತ್ತೆಂದಾಯಿತು! 1976ರಲ್ಲಿ ಪ್ರಕಟವಾದ ಅವರ ಪುಸ್ತಕ ಮನೆಯಲ್ಲೇ ರಿಪೇರಿ ಮಾಡುವವರಿಗೆ ಕೈದೀಪವಾಯಿತು. ಎಣ್ಣೆ ಮಿತಿಮೀರಿದರೆ ಒಳಗೆ ಸ್ಫೋಟವಾಗಿ ಸ್ಪ್ರಿಂಗು ತುಂಡಾಗುವುದೇಕೆಂದು ತಿಳಿಯುವುದು ಈ ತತ್ತ್ವದಿಂದಲೇ.

ಇನ್ನೊಂದು ಕಾಯಿಲೆ ಕುಲುಕಾಟ. ಪಿಸ್ಟನ್ ಮುಂದೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ; ಪಿಸ್ಟನ್ ಗಾಳಿಯ ದಿಂಬಿಗೆ ಬಡಿದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ಈ ಕುಲುಕಾಟ ಶುರುವಾಗಿರುತ್ತದೆ. ಜರ್ಮನಿಯ ಡಯಾನಾ ಕಂಪನಿಗಾಗಿ ಕುರ್ಟ್ ಗಿಸ್ ಎದುರುಬದುರಾಗಿ ಓಡುವ ಎರಡು ಪಿಸ್ಟನ್‌ಗಳನ್ನಿಟ್ಟು ಇದನ್ನು ಅಳಿಸಿದ. ಆದರೆ ಅವನ್ನು ಬಿಚ್ಚಿದರೆ ಹಲ್ಲುಚಕ್ರಗಳನ್ನು ಹೊಂದಿಸಿ ಕೂಡಿಸುವುದು ಬಲು ತ್ರಾಸ. 1960ರ ದಶಕದಲ್ಲಿ ಬಂದ ಫೈನ್‌ವೆರ್ಕ್‌ಬೌ 150 ಉಪಾಯ ಬದಲಿಸಿತು: ಕೋವಿಯ ಯಂತ್ರಭಾಗವೇ ಹಳಿಗಳ ಮೇಲೆ ಹಿಂದೆ ಜಾರುವಂತೆ ಮಾಡಿತು.

ಹೊಸತೆಲ್ಲ ಹಳತಿಗಿಂತ ಮಿಗಿಲೆನ್ನುವಂತಿಲ್ಲ. ಅದೇ ಕಂಪನಿಯ 124ನೆಯ ಮಾದರಿಗೆ 1970ರ ದಶಕದಲ್ಲಿ ಹಾಕಿದ ಪ್ಲಾಸ್ಟಿಕ್ ಸೀಲುಗಳು ಕಾಲಕ್ರಮೇಣ ತಾವಾಗಿಯೇ ಪುಡಿಪುಡಿಯಾದವು. ಹಳೆಯ ಚರ್ಮದ ವಾಷರನ್ನಾದರೋ ಎಣ್ಣೆ ಹಾಕಿ ಮೃದುಗೊಳಿಸಬಹುದು, ಇಲ್ಲವೆ ಹೊಸದನ್ನು ಕತ್ತರಿಸಿಕೊಳ್ಳಬಹುದು.

1984ರಲ್ಲಿ ಗಾಳಿಕೋವಿ ಒಲಿಂಪಿಕ್ಸ್ ಪ್ರವೇಶಿಸಿತು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅದರಲ್ಲೇ ಚಿನ್ನ ಗೆದ್ದರು. ಅಷ್ಟರಲ್ಲಿ ಪಂದ್ಯದ ಕೋವಿಗಳು ಸ್ಪ್ರಿಂಗು ಬಿಟ್ಟು ಸಿಲಿಂಡರಿನ ಗಾಳಿಗೆ ಮರಳಿದ್ದವು. ಸ್ಪ್ರಿಂಗು ಉಳಿದದ್ದು ಜಾತ್ರೆಗೆ ಮತ್ತು ಮನೆಗೆ.

ಊರಿನ ಅಟ್ಟದಲ್ಲಿ ಇಂಥದೊಂದು ಕೋವಿ ಉಳಿದಿದ್ದರೆ ಅದನ್ನು ಶ್ರುತಿಗೆ ತರುವುದೆಂದರೆ ಬಲ ಹೆಚ್ಚಿಸುವುದಲ್ಲ, ಅಲುಗಾಟ ಕಳೆಯುವುದು. ಗುಂಡಿನ ಶಕ್ತಿ 20 ಜೌಲ್ ಇಲ್ಲವೆ ನಳಿಗೆಯ ಒಳವ್ಯಾಸ 4.5 ಮಿ.ಮೀ. ಮೀರಿದರೆ 2016ರ ನಿಯಮಗಳಂತೆ ಪರವಾನಗಿ ಬೇಕು. ಬಿಚ್ಚುವಾಗಲೂ ಸ್ಪ್ರಿಂಗು ಅರೆ ಒತ್ತಿಕೊಂಡೇ ಇರುತ್ತದೆ. ಬಲವಾದ ಹಿಡಿಕಟ್ಟಿಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರೀತು. ಗುಂಡಿಲ್ಲದೆ ಹಾರಿಸಿದರೆ ಪಿಸ್ಟನ್ನಿಗೆ ಪೆಟ್ಟು. ನಳಿಗೆ ಬಾಗಿದ್ದಾಗ ಟ್ರಿಗರ್ ಮುಟ್ಟಿದರೆ ಬೆರಳಿಗೇ ಅಪಾಯ. ಇಷ್ಟನ್ನು ಮಕ್ಕಳಿಗೆ ಮೊದಲು ಕಲಿಸಿ, ಗುರಿಯಿಡುವುದನ್ನು ಆಮೇಲೆ ಕಲಿಸೋಣ. ಗುರಿ ಕಾಗದದ ಮೇಲಿರಲಿ, ಗುಬ್ಬಚ್ಚಿಯ ಮೇಲೆ ಬೇಡ.