ಸೇಬಿನ ಆಸೆಗೆ ಬಂದ ಮಕ್ಕಳು: ಮಿಲಾನಿನ ಧರ್ಮೋಪದೇಶ ಕೂಟ

ಬಡವರ ಶಿಕ್ಷಣದ ಚರಿತ್ರೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಸನ್ಯಾಸಸಭೆಗಳಿಂದ ಆರಂಭಿಸುತ್ತೇವೆ. ಆದರೆ 1540ರಲ್ಲಿ ಯೇಸುಸಭೆಗೆ ಜಗದ್ಗುರುಗಳ ಮನ್ನಣೆ ದೊರೆಯುವ ಮೊದಲೇ, ಮಿಲಾನ್ ನಗರದಲ್ಲಿ ಶಾಲೆಗಳ ಒಂದು ಜಾಲ ಹಬ್ಬಲಾರಂಭಿಸಿತ್ತು. ಅದನ್ನು ಯಾವ ಧರ್ಮಾಧ್ಯಕ್ಷರೂ ಯೋಜಿಸಿರಲಿಲ್ಲ.

1535ರ ಸಂತ ಅಂದ್ರೇಯರ ಹಬ್ಬದಂದು ಉಣ್ಣೆ ಹಿಂಜುವ ಕಸುಬಿನ ಫ್ರಾಂಚೆಸ್ಕೊ ವಿಲ್ಲನೋವ ಎಂಬಾತ, ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗರಿಗೆ ಸೇಬಿನ ಆಸೆ ತೋರಿಸಿ ದೇವಾಲಯದೊಳಕ್ಕೆ ಕರೆತಂದು, ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದನು. ಮರುವರ್ಷ ಕಸ್ತೆಲ್ಲೀನೊ ದ ಕಸ್ತೆಲ್ಲೊ ಎಂಬ ಗುರುವು ಈ ಕೆಲಸಕ್ಕೊಂದು ರೂಪ ಕೊಟ್ಟರು. ಭಾನುವಾರ ಮತ್ತು ಹಬ್ಬದ ದಿನಗಳಂದು ಗೃಹಸ್ಥ ಭಕ್ತರು ವೇತನವಿಲ್ಲದೆ ಪಾಠ ಹೇಳುತ್ತಿದ್ದರು. ಹುಡುಗಿಯರಿಗೆ ಸ್ತ್ರೀಯರೇ ಉಪಾಧ್ಯಾಯರು. ಪ್ರಾರ್ಥನೆಗಳು, ದಶಾಜ್ಞೆಗಳು, ಗುರುಶಿಷ್ಯರ ಪ್ರಶ್ನೋತ್ತರ ರೂಪದ ಉಪದೇಶ, ಇವುಗಳೊಡನೆ ಓದುಬರಹವನ್ನೂ ಕಲಿಸಲಾಯಿತು. ವಾರವೆಲ್ಲ ದುಡಿಯುವ ಮಗುವಿಗೆ ಅಕ್ಷರ ಸಿಕ್ಕಬಹುದಾಗಿದ್ದ ದಿನ ಅದೊಂದೇ. ಅಕ್ಷರವು ಇಲ್ಲಿ ಉಪದೇಶದ ಸಾಧನವಾಗಿತ್ತೇ ಹೊರತು ಗುರಿಯಾಗಿರಲಿಲ್ಲವೆಂಬ ಆಕ್ಷೇಪ ನಿಜವೇ. ಆದರೂ ಕಲಿತ ಅಕ್ಷರವನ್ನು ಆ ಮಗು ದೇವಾಲಯದ ಬಾಗಿಲಲ್ಲಿ ಬಿಟ್ಟುಹೋಗಲಿಲ್ಲವಷ್ಟೆ.

ಭಾನುವಾರ ಮತ್ತು ಹಬ್ಬಗಳಂದು ಮಕ್ಕಳಿಗೆ ವಿಶ್ವಾಸದ ಮೂಲಪಾಠಗಳನ್ನು ಕಲಿಸಬೇಕೆಂದು ಟ್ರೆಂಟ್ ಮಹಾಸಭೆ ವಿಧಿಸಿದ್ದು 1563ರಲ್ಲಿ. ಆಚರಣೆಗಿಂತ ವಿಧಿಯೇ 27 ವರ್ಷ ಹಿಂದೆ ಬಿದ್ದಿತ್ತು. 1565ರಲ್ಲಿ ಮಿಲಾನಿಗೆ ಬಂದ ಮಹಾಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೊಮಿಯೊರವರು ಕೂಟವನ್ನು ತಮ್ಮ ಅಧೀನಕ್ಕೆ ತಂದು ಬೆಳೆಸಿದರು. 1584ರಲ್ಲಿ ಅವರು ನಿಧನರಾದಾಗ ಧರ್ಮಪ್ರಾಂತ್ಯದಲ್ಲಿ 740 ಶಾಲೆಗಳು, ಸುಮಾರು 3,000 ಉಪದೇಶಕರು, 40,000 ವಿದ್ಯಾರ್ಥಿಗಳಿದ್ದರು. ಈ ಅಂಕಿಗಳು ಬೊರೊಮಿಯೊರವರ ಕೀರ್ತಿಗೆ ಸಂದಿವೆ. ವಿಲ್ಲನೋವನ ಹೆಸರು ನಮ್ಮ ಸೆಮಿನರಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಪೂಜೆಯ ನಂತರ ಮಕ್ಕಳನ್ನು ಕೂಡಿಸಿಕೊಳ್ಳುವ ದರ್ಜಿಯನ್ನೋ ದಾದಿಯನ್ನೋ ನಾವು 'ಫಾದರಿಗೆ ನೆರವಾಗುವವರು' ಎಂದು ಕರೆಯುವುದೂ ಇದೇ ಮರೆವಿನಿಂದಲೇ ಇರಬೇಕು.

ಹಾಗೆಂದು ಸ್ವಯಂಸೇವೆಗೆ ಮಿತಿಯಿಲ್ಲವೆಂದಲ್ಲ. ಅದನ್ನು ಕಂಡುಕೊಂಡವರು ಕೂಟದ ಒಳಗಿನವರೇ. 1592ರಲ್ಲಿ ರೋಮಿಗೆ ಬಂದ ಸ್ಪೇನಿನ ಗುರು ಸಂತ ಜೋಸೆಫ್ ಕಲಸಾನ್ಸ್ ಅಲ್ಲಿನ ಧರ್ಮೋಪದೇಶ ಕೂಟವನ್ನು ಸೇರಿ, ಬಡವರ ಕೇರಿಗಳಲ್ಲಿ ದುಡಿದರು. ವಾರಕ್ಕೊಂದು ದಿನದ ಪಾಠ ಸಾಲದೆಂದು ಅವರಿಗೆ ಮನದಟ್ಟಾಯಿತು. ನಗರದ ವೇತನ ಪಡೆಯುತ್ತಿದ್ದ ಉಪಾಧ್ಯಾಯರನ್ನು ಹೆಚ್ಚು ಬಡಮಕ್ಕಳನ್ನು ಸೇರಿಸಿಕೊಳ್ಳುವಂತೆ ಕೇಳಿದರೆ, ಅವರು ಹೆಚ್ಚಿನ ಸಂಬಳ ಕೇಳಿದರು. ಕಡೆಗೆ 1597ರಲ್ಲಿ ತ್ರಸ್ತೇವೆರೆಯ ಸಂತ ದೊರೊತೆಯರ ದೇವಾಲಯದಲ್ಲಿ ಅವರು ಉಚಿತ ಶಾಲೆಯನ್ನು ತೆರೆದರು. ಮೊದಲು ಜೊತೆಗೂಡಿದವರು ಕೂಟದ ಸದಸ್ಯರೇ. ಆದರೆ ಹಬ್ಬದ ದಿನ ಬರುವುದು ಬೇರೆ, ದಿನಂಪ್ರತಿ ಬರುವುದು ಬೇರೆ. ಹಲವರು ಬಿಟ್ಟುಹೋದರು, ಕಲಸಾನ್ಸ್ ಉಳಿದರು. 20 ವರ್ಷಗಳ ಬಳಿಕ, 1617ರಲ್ಲಿ, ಉಳಿದವರ ಬಳಗವು ಸನ್ಯಾಸಸಭೆಯಾಯಿತು.