ಸೂರಿನ ಋಣ

ಸೋನೆಮಳೆಯ ರಾತ್ರಿಯಲ್ಲಿ ಉರಿಯುವ ಒಲೆ, ಬಿಸಿ ಮುದ್ದೆ, ಸೋರದ ಸೂರು ಇವೆಲ್ಲ ನಮಗೆ ನಿತ್ಯದ ಸಂಗತಿಗಳಾಗಿವೆ. ಇವುಗಳ ಬೆಲೆಯನ್ನರಿಯಲು ನಮ್ಮ ಸೀಮೆಯ ಚರಿತ್ರೆಯನ್ನು ನೋಡಬೇಕು.

1960ರ ಕೊನೆಯಲ್ಲಿ ಟಿಬೆಟಿನ ನಿರಾಶ್ರಿತರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬರಲಾರಂಭಿಸಿದರು. ಅಂದಿನ ಮೈಸೂರು ಸರ್ಕಾರ ಅವರಿಗೆ ಸುಮಾರು 3,000 ಎಕರೆ ಭೂಮಿಯನ್ನಿತ್ತಿತು. ಹಿಮದ ನಾಡಿನ ಆ ಜನ ಗುಡಾರಗಳಲ್ಲಿ ವಾಸಿಸುತ್ತಾ ಕಾಡು ಸವರಿ, ಮುಸುಕಿನ ಜೋಳ ಬಿತ್ತಿ, ಆನೆಗಳಿಂದ ಬೆಳೆಯನ್ನು ಕಾಯ್ದುಕೊಂಡು ಮನೆಗಳನ್ನು ಕಟ್ಟಿದರು. 1968ರಲ್ಲಿ ಸ್ಥಾಪಿತವಾದ ಮೈರಾಡ ಸಂಸ್ಥೆಯ ಮೊದಲ ಕಾರ್ಯವೂ ಟಿಬೆಟಿಯನ್ನರ ಪುನರ್ವಸತಿಯೇ. ಮುಂದೆ ಹುಣಸೂರಿನ ಗುರುಪುರದಲ್ಲಿಯೂ ಅವರು ನೆಲೆ ನಿಂತರು. ಅತಿಥಿಗಳನ್ನು ಆದರಿಸಿದ ಈ ಸೀಮೆಯ ಔದಾರ್ಯ ಮೆಚ್ಚತಕ್ಕದ್ದೇ.

ಆದರೆ ಇಲ್ಲಿಯ ಕಾಡಿನ ಮಕ್ಕಳ ಪಾಡೇನು? ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಾಗ ಕಾಕನಕೋಟೆಯ ಕಾಡಿನ ಬಹುಭಾಗದೊಡನೆ ಹಳ್ಳಿಗಳೂ ನೀರುಪಾಲಾದವು. ನಾಗರಹೊಳೆಯ ಅನೇಕ ಜೇನುಕುರುಬ ಕುಟುಂಬಗಳು ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ ಹಾಡಿಗಳನ್ನು ತೊರೆಯಬೇಕಾಯಿತು. ಹುಣಸೂರಿನ ನಾಗಾಪುರದಲ್ಲಿ ಕೆಲವರಿಗೆ ಮನೆ, ಜಮೀನು ದೊರೆತುವು, ನಿಜ. ಜೇನು, ಗೆಡ್ಡೆಗೆಣಸುಗಳ ಬದುಕು ಮರಳಿ ದೊರೆಯಲಿಲ್ಲ. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಕೂಲಿಯನ್ನು ಅವಲಂಬಿಸಿದರು. ಮುಗಿಲೇ ಸೂರಾಗಿದ್ದವರಿಗೆ ತಗಡಿನ ಸೂರು ಸಾಲದೆಂಬುದನ್ನು ಯಾರೂ ಕೇಳಿದಂತಿಲ್ಲ.

2006ರ ಅರಣ್ಯ ಹಕ್ಕು ಕಾಯಿದೆ ಅವರ ನೆಲೆಯ ಹಕ್ಕನ್ನು ಮನ್ನಿಸಿದೆ. ಹಕ್ಕು ಬೇಡಲು ಅರ್ಜಿ ಬೇಕು, ದಾಖಲೆ ಬೇಕು, ಗ್ರಾಮಸಭೆಯ ನಿರ್ಣಯ ಬೇಕು. ಕೃಷ್ಣರಾಜನಗರದ ಭತ್ತದನ್ನವನ್ನುಣ್ಣುತ್ತಾ ಓದಿ ಬೆಳೆದ ನಮ್ಮ ಯುವಕರು ಈ ಶತಮಾನೋತ್ಸವ ವರ್ಷದಲ್ಲಿ ಹಾಡಿಗಳಿಗೆ ಹೋಗಿ, ಅಲ್ಲಿಯ ಹಿರಿಯರ ಬಳಿ ಕುಳಿತು, ಆ ಅರ್ಜಿಗಳನ್ನು ಬರೆದುಕೊಡಲೆಂದು ನಾವು ಬಯಸುತ್ತೇವೆ.